ದೊಡ್ಡಮ್ಮನ ಗಂಟಲು, ನನ್ನ ರಿಂಗ್ ಮಾಡ್ಯುಲೇಶನ್

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಹಾಗೆ ಹೇಳಿದಾಗಲೂ ನನಗೆ ಸಿಟ್ಟು ಬರುತ್ತದೆ. ಆದರೆ ಈಗ ಬರೆಯಲು ಕುಳಿತಿರುವ ಸಿಟ್ಟು ಮೂಗಿನ ತುದಿಯದ್ದಲ್ಲ. ದೊಡ್ಡಮ್ಮನ ಗಂಟಲಿನ ಆಪರೇಶನ್ ಆದಂದಿನಿಂದ ಅವಳ ಮೊಮ್ಮಗಳ ಮದುವೆಯ ವಿಡಿಯೋ ಕೈಗೆ ಬರುವವರೆಗೆ ಒಳಗೊಳಗೇ ಕುದ್ದು ಗಟ್ಟಿಯಾದದ್ದು. ಇನ್ನೂ ಆರಿಲ್ಲ, ಆರಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ನಾನು ಸೌಂಡ್ ಡಿಸೈನ್ ಮಾಡುತ್ತೇನೆ. ನಮ್ಮ ಊರು ಮಂಕಿಯಲ್ಲಿ ಹಾಗೆಂದರೆ ಮದುವೆ ಮನೆಗೆ ಮೈಕ್ ಸೆಟ್ ಹಾಕುವ ಕೆಲಸ ಎಂದು ತಿಳಿಯುತ್ತಾರೆ. "ನಮ್ಮನೆ ಸತ್ಯನಾರಾಯಣ ಪೂಜೆಗೆ ನಿನ್ನ ಬಾಕ್ಸ್ ಸಿಗ್ತದಾ?" ಎಂದು ಕೇಳಿದವರಿದ್ದಾರೆ. ತಿದ್ದುವುದನ್ನು ಬಿಟ್ಟಿದ್ದೇನೆ. ಮದುವೆಯಾಗಿ ಬೆಂಗಳೂರಿಗೆ ಹೋಗಿ, ಆ ಮದುವೆ ಮುರಿದ ಮೇಲೆ ಊರಿಗೆ ಮರಳಿದವಳು ನಾನು. ಅಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಹಳೆಯ ಹಾಸಿಗೆಗಳನ್ನು ಒರಗಿಸಿಕೊಂಡು ಸಿನಿಮಾ, ವೆಬ್ ಸರಣಿಗಳಿಗೆ ಬಾಗಿಲಿನ ಕಿರ್ರು, ಹೆಜ್ಜೆಯ ಸಪ್ಪಳ, ಪಾತ್ರೆ ಬಿದ್ದ ಸದ್ದು ಒದಗಿಸುತ್ತೇನೆ. ಅದು ಹೊಟ್ಟೆಪಾಡು. ನನ್ನ ಸ್ವಂತಕ್ಕೆ ಮಾಡಿಕೊಳ್ಳುವುದು ಬೇರೆ, ಅದರಲ್ಲಿ ನಾನು ಹೆಚ್ಚು ಬಳಸುವುದು ರಿಂಗ್ ಮಾಡ್ಯುಲೇಶನ್.

ಅದನ್ನು ಸುಲಭವಾಗಿ ಹೇಳಬಹುದು. ಎರಡು ಧ್ವನಿಗಳನ್ನು ಸಾಧಾರಣವಾಗಿ ಬೆರೆಸಿದರೆ ಅದು ಕೂಡುವ ಲೆಕ್ಕ. ಹಾರ್ಮೋನಿಯಮ್ಮೂ ಕೇಳುತ್ತದೆ, ಹಾಡುವವಳೂ ಕೇಳುತ್ತಾಳೆ. ರಿಂಗ್ ಮಾಡ್ಯುಲೇಶನ್ ಗುಣಿಸುವ ಲೆಕ್ಕ. ಒಂದು ಧ್ವನಿಯನ್ನು ಇನ್ನೊಂದರಿಂದ ಗುಣಿಸಿದರೆ ಮೂಲದ ಎರಡೂ ಕಾಣೆಯಾಗುತ್ತವೆ. ಅವುಗಳ ಕಂಪನಗಳನ್ನು ಕೂಡಿದಷ್ಟು ಮತ್ತು ಕಳೆದಷ್ಟು, ಇವೆರಡೇ ಉಳಿಯುತ್ತವೆ. ಮನುಷ್ಯರ ದನಿಯನ್ನು ಹೀಗೆ ಗುಣಿಸಿದರೆ ಮಾತು ತಿಳಿಯುತ್ತದೆ, ಆದರೆ ಆಡುತ್ತಿರುವುದು ಗಂಟಲಲ್ಲ, ಕಂಚಿನ ಪಾತ್ರೆ ಅನ್ನಿಸುತ್ತದೆ. ಹಳೆಯ ಸಿನಿಮಾಗಳಲ್ಲಿ ಯಂತ್ರಮಾನವರು ಮಾತಾಡುತ್ತಿದ್ದುದು ಹೀಗೇ. ಇದರದ್ದೇ ಇನ್ನೂ ಸೂಕ್ಷ್ಮವಾದ ರೀತಿ ಸ್ಪೆಕ್ಟ್ರಲ್ ಎಂಬುದು. ದನಿಯನ್ನು ಕಂಪ್ಯೂಟರಿನಲ್ಲಿ ತೆಂಗಿನ ನಾರಿನಂತೆ ಎಳೆ ಎಳೆಯಾಗಿ ಬಿಡಿಸಿ, ಒಂದೊಂದು ಎಳೆಗೂ ಬೇರೆ ಬೇರೆ ಸ್ವರವನ್ನು ಗುಣಿಸಿ, ಮತ್ತೆ ಹುರಿ ಹೊಸೆಯುವುದು. ಯಾವ ಎಳೆಯನ್ನು ಎಷ್ಟು ಕೆಡಿಸಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎಂಬುದು ಆಗ ನಮ್ಮ ಕೈಯಲ್ಲಿರುತ್ತದೆ.

ತದಡಿ ಬಂದರಿನಲ್ಲಿ ಬೋಟುಗಳ ಎಂಜಿನ್ ರೆಕಾರ್ಡ್ ಮಾಡಿ, ಅದರಿಂದ ನನ್ನದೇ ದನಿಯನ್ನು ಗುಣಿಸಿ ಒಮ್ಮೆ ಒಂದು ಕೃತಿ ಮಾಡಿದ್ದೆ. ಬೆಂಗಳೂರಿನ ಒಂದು ಸಭಾಂಗಣದಲ್ಲಿ ದೀಪ ಆರಿಸಿ ಅದನ್ನು ಕೇಳಿಸಿದರು. ಟಿಕೆಟ್ ಕೊಂಡು ಬಂದ ಜನ ಕಣ್ಣು ಮುಚ್ಚಿ ಕುಳಿತರು. ಮುಗಿದ ಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಖಾದಿ ಜುಬ್ಬಾದ ಹಿರಿಯರೊಬ್ಬರು ನನ್ನ ಕೈ ಹಿಡಿದು, "ದೇಹ ಕಳಕೊಂಡ ದನಿ ಇದು, ಮೈ ಜುಮ್ ಎಂದಿತು" ಎಂದರು. ನಾನೂ ಉಬ್ಬಿದೆ, ಸುಳ್ಳೇಕೆ ಹೇಳಲಿ.

ಇನ್ನು ದೊಡ್ಡಮ್ಮ. ಅಮ್ಮನ ಅಕ್ಕ. ನಮ್ಮ ಮನೆಯ ಬೇಲಿ ದಾಟಿದರೆ ಅವಳ ಅಂಗಳ. ಮಂಕಿಯ ನಮ್ಮ ಕೇರಿಯಲ್ಲಿ ಯಾರ ಮನೆಯ ಮದುವೆಯಾದರೂ ಹಾಡು ಎತ್ತುವವಳು ಅವಳೇ. ಹಾಡು ಎತ್ತುವುದೆಂದರೆ ಹಾಡುವುದಷ್ಟೇ ಅಲ್ಲ. ಮೊದಲ ಸಾಲು ಅವಳು ಹೇಳಬೇಕು, ಉಳಿದ ಹೆಂಗಸರು ಅದನ್ನೇ ಹಿಂದೆ ಹೇಳಬೇಕು. ಅವರು ಮುಗಿಸುವವರೆಗೆ ಅವಳು ಕಾಯಬೇಕು. ಯಾರಾದರೂ ತಪ್ಪಿದರೆ ಅದೇ ಸಾಲನ್ನು ಇನ್ನೊಮ್ಮೆ ಕೊಡಬೇಕು. ನಡುನಡುವೆ ಮದುಮಗಳ ಹೆಸರು, ಮದುಮಗನ ಹೆಸರು, ಸೋದರಮಾವನ ಹೆಸರು ಬರುವ ಜಾಗಗಳಿವೆ. ಆಯಾ ಮನೆಗೆ ತಕ್ಕ ಹೆಸರನ್ನು ಅಲ್ಲಿ ಕೂರಿಸಿ, ಅದು ಉದ್ದವಾದರೆ ಮುಂದಿನ ಶಬ್ದವನ್ನು ನುಂಗಿ, ಗಿಡ್ಡವಾದರೆ ಎಳೆದು, ತಾಳಕ್ಕೆ ಹೊಂದಿಸಬೇಕು. ಅದೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು.

ಆ ಗಂಟಲಿಗೇ ಕ್ಯಾನ್ಸರ್ ಆಯಿತು. ನಮ್ಮ ಕಡೆಯವರು ಇಂಥದ್ದಕ್ಕೆಲ್ಲ ಜಿಲ್ಲೆ ದಾಟಿ ತೆಂಕಣದ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು, ಹೋದೆವು. ಅಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಉಸಿರಾಡಲು ಕತ್ತಿನ ಬುಡದಲ್ಲಿ ಒಂದು ತೂತು, ಅದರ ಮೇಲೆ ತೆಳು ಬಟ್ಟೆ. ಮಾತಾಡಲು ಸಣ್ಣ ಟಾರ್ಚಿನಂಥ ಒಂದು ಮಷಿನ್ ಕೊಟ್ಟರು. ಗುಂಡಿ ಒತ್ತಿದರೆ ಅದು ಒಂದೇ ಸ್ವರದಲ್ಲಿ ಗುಂಯ್ ಅನ್ನುತ್ತದೆ. ಗದ್ದದ ಕೆಳಗೆ ಒತ್ತಿ ಹಿಡಿದು ಬಾಯಿ ಆಡಿಸಿದರೆ ಆ ಗುಂಯ್‌ಕಾರವೇ ಮಾತಾಗುತ್ತದೆ. ವಾರ್ಡಿನಲ್ಲಿ ಅವಳು ಮೊದಲ ಸಲ ಅದನ್ನು ಹಿಡಿದು, "ಚಾ ಎಲ್ಲಿ?" ಎಂದು ಕೇಳಿದಾಗ ಆ ದನಿ ನನಗೆ ಗುರುತು ಸಿಕ್ಕಿತು. ನಾನು ತಾಸುಗಟ್ಟಲೆ ಕೂತು ಕಂಪ್ಯೂಟರಿನಲ್ಲಿ ಮಾಡುತ್ತಿದ್ದ ದನಿಯೇ ಅದು. ಅದನ್ನು ಕೇಳಲು ಜನ ಟಿಕೆಟ್ ಕೊಂಡು ಬಂದಿದ್ದರು.

ಊರಿಗೆ ಬಂದ ಮೇಲೆ ಯಾರೂ ಎದ್ದು ನಿಂತು ಚಪ್ಪಾಳೆ ತಟ್ಟಲಿಲ್ಲ. ಮಷಿನ್ನಿಗೆ ಬ್ಯಾಟರಿ ಹುಡುಕಿಕೊಂಡು ನಾವಿಬ್ಬರೂ ಬಸ್ಸಿನಲ್ಲಿ ಭಟ್ಕಳಕ್ಕೆ ಹೊರಟಿದ್ದೆವು. ದೊಡ್ಡಮ್ಮ ತಾನೇ ಟಿಕೆಟ್ ಕೇಳಿದಳು. ಮುಂದಿನ ಸೀಟಿನ ಹೆಂಗಸು ಮಗುವಿನ ಮುಖವನ್ನು ತನ್ನ ಸೆರಗಿನೊಳಗೆ ಎಳೆದುಕೊಂಡಳು. ಇಸ್ತ್ರಿ ಅಂಗಿಯ ಒಬ್ಬ ಮಹಾಶಯ ಫೋನ್ ತೆಗೆದು ವಿಡಿಯೋ ಮಾಡತೊಡಗಿದ. ನಾನು ಎದ್ದು ಅವನ ಫೋನಿಗೆ ಅಂಗೈ ಅಡ್ಡ ಹಿಡಿದು, "ನಿಮ್ಮ ಅಮ್ಮ ಕೆಮ್ಮಿದ್ರೂ ತೆಗೀತ್ರಾ?" ಎಂದು ಕೇಳಿದೆ. ಅವನು ಕಿಟಕಿಯ ಹೊರಗೆ ನೋಡಿದ. ದೊಡ್ಡಮ್ಮ ನನ್ನ ಸೆರಗು ಜಗ್ಗಿ ಕೂರಿಸಿದಳು.

ಅದೇ ದಿನಗಳಲ್ಲಿ ಮುಂಬಯಿಯಿಂದ ಒಬ್ಬರು ಫೋನ್ ಮಾಡಿದರು. ಅವರ ವೆಬ್ ಸರಣಿಯಲ್ಲಿ ಕರಾವಳಿಯ ಒಂದು ಹೆಣ್ಣು ದೆವ್ವ ಬರುತ್ತದಂತೆ, ಅದಕ್ಕೆ ದನಿ ಬೇಕಂತೆ. ಮಾದರಿಗೆಂದು ಒಂದು ತುಣುಕು ಕಳಿಸಿದರು. ಕೇಳಿದೆ. ಗಂಟಲಿಲ್ಲದ ಯಾರೋ ಒಬ್ಬ ಮನುಷ್ಯ ಇಂಥದ್ದೇ ಮಷಿನ್ ಹಿಡಿದು, ತನ್ನ ಊಟ ತಿಂಡಿಯ ಬಗ್ಗೆ ಮಾತಾಡುತ್ತಿದ್ದ. ಎಲ್ಲಿಂದಲೋ ಎತ್ತಿಕೊಂಡು, ಕೆಳಗೆ ಗುಡುಗು ಸೇರಿಸಿದ್ದರು. "ಇದು ದೆವ್ವ ಅಲ್ಲ, ಕಾಯಿಲೆಯಿಂದ ಎದ್ದು ಬಂದ ಮನುಷ್ಯ" ಎಂದೆ. "ನೋಡುವವರಿಗೆ ಗೊತ್ತಾಗೂದಿಲ್ಲ ಬಿಡಿ ಮೇಡಂ" ಎಂದರು. ಗೊತ್ತಾಗುವುದಿಲ್ಲ, ನಿಜ. ಗೊತ್ತಾಗದ ಹಾಗೆ ಇವರು ನೋಡಿಕೊಳ್ಳುತ್ತಾರಲ್ಲ. ಆ ಕೆಲಸ ನಾನು ಮಾಡಲಿಲ್ಲ, ಬೇರೆ ಯಾರೋ ಮಾಡಿಕೊಟ್ಟಿರುತ್ತಾರೆ.

ಮೊಮ್ಮಗಳ ಮದುವೆ ಗೊತ್ತಾಯಿತು. ಮೊಮ್ಮಗಳೆಂದರೆ ದೊಡ್ಡಮ್ಮನ ಮಗನ ಮಗಳು. ಅವಳನ್ನು ಆಯಿ ಎಂದು ಕರೆಯುವ ಅವನು ನನಗೆ ಅಣ್ಣ. ಕುಮಟಾದಲ್ಲಿ ಕಚೇರಿ ಕೆಲಸ, ಮಾತು ಮೆತ್ತಗೆ, ಯಾರು ಏನು ಅಂದುಕೊಂಡಾರೋ ಎಂಬ ಚಿಂತೆಯಲ್ಲೇ ಕೂದಲು ಹಣ್ಣಾದವನು. ಗಂಡಿನ ಮನೆಯವರೂ ಕುಮಟಾದವರೇ. ಧಾರೆ ಹೊನ್ನಾವರದ ಒಂದು ಸಭಾಭವನದಲ್ಲಿ. ದೊಡ್ಡಮ್ಮ ಆಗಲೇ ಹಳೆಯ ಹಾಡುಗಳನ್ನು ನೆನಪು ಮಾಡಿಕೊಳ್ಳತೊಡಗಿದ್ದಳು. ಸಂಜೆ ಜಗಲಿಯಲ್ಲಿ ಕೂತು, ಮಷಿನ್ ಒತ್ತದೆ, ಬರೀ ತುಟಿಯಲ್ಲಿ ಸಾಲುಗಳನ್ನು ಹೇಳಿಕೊಳ್ಳುವುದನ್ನು ನಾನು ಬೇಲಿಯಾಚೆಯಿಂದ ನೋಡಿದ್ದೆ. ಮೊಮ್ಮಗಳ ಆರತಿಗೆ ತಾನೇ ಹಾಡು ಎತ್ತಬೇಕೆಂಬ ಆಸೆ ಅವಳಿಗೆ. ಆ ಹುಡುಗಿ ಹುಟ್ಟಿದಾಗಲೇ ಹೇಳಿಕೊಂಡ ಆಸೆ ಅದು, ಕೇರಿಗೆಲ್ಲ ಗೊತ್ತಿತ್ತು.

ಅಣ್ಣ ಒಂದು ಭಾನುವಾರ ನನ್ನ ಕೋಣೆಗೆ ಬಂದ. ಕೂರಲಿಲ್ಲ.

"ತಂಗಿ, ನೀ ಕಂಪ್ಯೂಟರಲ್ಲಿ ಎಂತೆಲ್ಲ ಮಾಡ್ತೆ. ಆಯಿದು ದನಿ ಸ್ವಲ್ಪ ಸರಿ ಮಾಡೂಕೆ ಬತ್ತದಾ?"

"ಎಂತಾಗದೆ ದನಿಗೆ?"

"ನಂಗೇನಿಲ್ಲ. ಗಂಡಿನ ಬದಿಯವ್ರು ನಾಲ್ಕು ಜನ ಬತ್ರು. ಶುಭ ಕಾರ್ಯ. ಆ ಸದ್ದು ಆರತಿ ಹೊತ್ತಿಗೆ... ಅಪಶಕುನ ಅಂದ್ರೆ ಕಷ್ಟ."

ಅಪಶಕುನ. ಮೂವತ್ತು ಮದುವೆಯೋ ಮುನ್ನೂರು ಮದುವೆಯೋ, ಅವಳು ಹಾಡದೆ ಕೇರಿಯಲ್ಲಿ ಆರತಿ ತಟ್ಟೆ ಮೇಲೇಳುತ್ತಿರಲಿಲ್ಲ. ಸಾವಿನ ಬಾಯಿಂದ ಎದ್ದು ಬಂದವಳು ಶಕುನಕ್ಕೆ ಆಗುವುದಿಲ್ಲವಂತೆ. ಹೇಳುವವನು ಹೊಟ್ಟೆಯಲ್ಲಿ ಹುಟ್ಟಿದ ಮಗ. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ಎಲ್ಲ ಕೇಳಿಸಿಕೊಂಡು, "ಆತು, ನೋಡು, ಆದ್ರೆ ಮಾಡು" ಎಂದು ಹೊರಟುಹೋದ. ಇಂಥ ಮೆತ್ತಗಿನವರ ಜೊತೆ ಜಗಳ ಆಡುವುದು ಕಷ್ಟ, ಬೈಗುಳವೆಲ್ಲ ಹತ್ತಿಯಲ್ಲಿ ಹೂತುಹೋಗುತ್ತದೆ.

ಆದರೂ ನಾನು ಪ್ರಯತ್ನ ಮಾಡಿದೆ, ಅಣ್ಣನ ಮಾತಿಗಲ್ಲ, ಹಾಡಿಗೆ ಏರಿಳಿತ ಸಿಕ್ಕರೆ ದೊಡ್ಡಮ್ಮನಿಗೇ ಖುಷಿಯಾದೀತೆಂದು. ಅವಳ ಮಷಿನ್ನಿನದು ಒಂದೇ ಸ್ವರ, ಅಲುಗುವುದಿಲ್ಲ. ನಾನು ಗುಣಿಸುವ ಸ್ವರಕ್ಕೂ ಅದಕ್ಕೂ ನೇರ ಸಂಬಂಧವಿದ್ದರೆ, ಅರ್ಧ, ಒಂದೂವರೆ ಹೀಗೆ, ಹುಟ್ಟುವ ದನಿ ಇಂಪಾಗಿರುತ್ತದೆ. ಸಂಬಂಧ ತಪ್ಪಿದರೆ ತಟ್ಟೆ ಬಿದ್ದ ಸದ್ದು. ಆಕೆಯ ದನಿಯನ್ನು ಎಳೆ ಬಿಡಿಸಿ, ಒಂದೊಂದಕ್ಕೂ ಲೆಕ್ಕ ಹಾಕಿ ಸ್ವರ ಕೊಟ್ಟೆ. ಚಿಕ್ಕ ಕೀಬೋರ್ಡಿನಲ್ಲಿ ನಾನು ರಾಗ ನುಡಿಸಿದಂತೆ ಅವಳ ಗುಂಯ್‌ಕಾರ ಏರಿ ಇಳಿಯತೊಡಗಿತು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಚಂದದ್ದು ಬಂದಿರಲಿಲ್ಲ. ದೊಡ್ಡಮ್ಮ ಹೆಡ್‌ಫೋನ್ ಹಾಕಿಕೊಂಡು ಹಾಡಿದಳು, ಎರಡೇ ಸಾಲಿಗೆ ನಿಲ್ಲಿಸಿದಳು. ಎಳೆ ಬಿಡಿಸಲು ಕಂಪ್ಯೂಟರ್ ದನಿಯನ್ನು ಮೊದಲು ಸ್ವಲ್ಪ ಹಿಡಿದಿಟ್ಟುಕೊಳ್ಳಬೇಕು. ಹಾಗಾಗಿ ಅವಳು ಅಂದದ್ದು ಅವಳ ಕಿವಿಗೆ ತುಸು ತಡವಾಗಿ ಬರುತ್ತಿತ್ತು.

"ಚಂದ ಅದೆ" ಎಂದಳು ಮಷಿನ್ ಒತ್ತಿ. "ನಿನ್ನ ಬೆಂಗ್ಳೂರಿನವ್ರಿಗೆ ಹಾಕು. ನಂಗೆ ಬ್ಯಾಡ. ನನ್ನ ಹಿಂದೆ ಯಾರೋ ನಡೆದ ಹಾಂಗೆ ಆತದೆ."

"ಹಾಗಾದ್ರೆ ಮದುವೆಗೆ?"

"ಮದ್ವೆಗೆ ಎಂತ? ನಾ ಹೇಳ್ತೆ, ಅವ್ರು ಹಿಂದೆ ಹೇಳ್ತ್ರು. ರಾಗ ಅವ್ರ ಹತ್ರ ಅದೆ."

ಅಣ್ಣನಿಗೆ ಇದನ್ನೇ ಹೇಳಿದೆ. ಅವನು ತಲೆಯಾಡಿಸಿದ. ಒಂದು ವಾರ ಕಳೆದು, "ನಿನ್ನ ಹತ್ರ ಆಯಿದು ಹಳೇ ರೆಕಾರ್ಡ್ ಅದೆಯಲ್ಲ, ಕೊಡು, ಹಾಲ್‌ನ ಸ್ಪೀಕರಲ್ಲಿ ಹಾಕ್ವ. ಆಯಿ ಮುಂದೆ ಕೂತುಕೊಳ್ಳಲಿ, ದನಿ ಅವಳದ್ದೇ ಅಲ್ವಾ" ಎಂದು ಮತ್ತೆ ಬಂದ. ಜೀವಂತ ಹೆಂಗಸನ್ನು ಎದುರು ಕೂರಿಸಿ ಅವಳ ಹಳೆಯ ದನಿಯನ್ನು ಡಬ್ಬದಲ್ಲಿ ಹಾಡಿಸುವುದಂತೆ, ಅವಳು ಬೊಂಬೆಯಂತೆ ಕೂರುವುದಂತೆ. ನಾನು ಕೊಡುವುದಿಲ್ಲ ಎಂದೆ. "ಆತು" ಎಂದ. ಅವನ ಆತು ನನಗೆ ಗೊತ್ತು, ಅದು ಒಪ್ಪಿಗೆಯಲ್ಲ. ಬೇರೆ ಎಲ್ಲಿಂದಲೋ ಹೊಂದಿಸಿದ.

ಮದುವೆಯ ದಿನ ಧಾರೆ ಮುಗಿಯಿತು. ಮದುಮಕ್ಕಳನ್ನು ಮಣೆಯ ಮೇಲೆ ಕೂರಿಸಿ ಆರತಿಗೆ ತಟ್ಟೆ ಸಿದ್ಧ ಮಾಡಿದರು. ದೊಡ್ಡಮ್ಮ ಹಸಿರು ಸೀರೆ ಉಟ್ಟು, ಕತ್ತಿಗೆ ಅದೇ ಬಣ್ಣದ ಬಟ್ಟೆ ಕಟ್ಟಿಕೊಂಡು, ಹೆಂಗಸರ ನಡುವೆ ಕುಳಿತಿದ್ದಳು. ಮಡಿಲಲ್ಲಿ ಮಷಿನ್. ಅವಳು ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಸ್ಪೀಕರಿನಿಂದ ಅವಳದೇ ಹಳೆಯ ದನಿ ಹೊರಟಿತು, ತುಂಬಿದ, ಜೇನಿನಂಥ ದನಿ. ಅವಳ ಕೈ ಅಲ್ಲೇ ನಿಂತಿತು. ಅವಳ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಹೆಂಗಸರು ಹಿಂದೆ ಹೇಳತೊಡಗಿದರು, ಆದರೆ ಆ ರೆಕಾರ್ಡಿನಲ್ಲಿ ಆಗಲೇ ಇನ್ಯಾವುದೋ ಮದುವೆಯ ಹೆಂಗಸರು ಹಿಂದೆ ಹೇಳುತ್ತಿದ್ದರು. ಇವರು ಮುಗಿಸುವ ಮೊದಲೇ ಅದು ಮುಂದಿನ ಸಾಲಿಗೆ ಓಡುತ್ತಿತ್ತು. ಡಬ್ಬ ಯಾರಿಗಾಗಿ ಕಾಯುತ್ತದೆ? ಒಬ್ಬೊಬ್ಬರಾಗಿ ಸುಮ್ಮನಾದರು.

ಆಮೇಲೆ ಮದುಮಗಳ ಹೆಸರಿನ ಸಾಲು ಬಂತು. ಸ್ಪೀಕರ್ ನನ್ನ ಹೆಸರು ಹೇಳಿತು. ಮುಂದಿನ ಸಾಲಿನಲ್ಲಿ ಮದುಮಗನ ಹೆಸರು. ಸ್ಪೀಕರ್ ನನ್ನನ್ನು ಬಿಟ್ಟವನ ಹೆಸರು ಹೇಳಿತು.

ಅಣ್ಣ ಅದನ್ನು ತೆಗೆದದ್ದು ನನ್ನ ಮದುವೆಯ ವಿಡಿಯೋದಿಂದ. ಹಾಡಿನ ಮಾತನ್ನು ಗಂಡಸರು ಯಾರೂ ಕೇಳುವುದಿಲ್ಲ, ಅವನೂ ಕೇಳಿರಲಿಲ್ಲ, ದನಿ ಚೆನ್ನಾಗಿದೆಯೋ ಎಂದಷ್ಟೇ ನೋಡಿದ್ದ. ಶಕುನ ಅಪಶಕುನ ಎಂದು ಹೆದರಿ ಸತ್ತವನು, ಮುರಿದ ಮದುವೆಯನ್ನು ಮಗಳ ಮಣೆಯ ಮುಂದೆ ಕರೆತಂದಿದ್ದ. ಹಾಲ್ ಇಡೀ ನನ್ನ ಕಡೆ ತಿರುಗಿತು. ಗಂಡಿನ ಕಡೆಯ ಹೆಂಗಸರು ಪಿಸುಗುಟ್ಟತೊಡಗಿದರು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು, ಅದರ ಜೊತೆಗೇ ಸ್ಪೀಕರ್ ಒಡೆಯುವಷ್ಟು ಸಿಟ್ಟೂ ಬಂತು. ಯಾರೋ ವೈರ್ ಕಿತ್ತರು. ಮದುಮಗಳ ಕಣ್ಣು ತುಂಬಿತ್ತು.

ಆಗ ಗುಂಯ್ ಎಂಬ ಸದ್ದು ಕೇಳಿತು. ದೊಡ್ಡಮ್ಮ ಎದ್ದು ನಿಂತಿದ್ದಳು. ಗದ್ದದ ಕೆಳಗೆ ಮಷಿನ್ ಒತ್ತಿ ಹೆಸರಿನ ಸಾಲನ್ನು ಹೇಳಿದಳು, ಸರಿಯಾದ ಹೆಸರು ಹಾಕಿ, ಒಂದೇ ಸ್ವರದಲ್ಲಿ, ನೆಟ್ಟಗೆ. ಹೇಳಿ ನಿಲ್ಲಿಸಿದಳು. ಯಾರೂ ಮಿಸುಕಲಿಲ್ಲ. ಅವಳು ಕಾದಳು. ಮತ್ತೆ ಅದೇ ಸಾಲು ಕೊಟ್ಟಳು. ಹಿಂದಿನಿಂದ ಯಾರೋ ಒಬ್ಬರು ಹಿಂದೆ ಹೇಳಿದರು, ಪ್ರೀತಿಯಿಂದಲೇ ಎಂದು ನಾನು ಹೇಳಲಾರೆ, ಸಾಲು ಕಿವಿಗೆ ಬಿದ್ದರೆ ಬಾಯಿ ತಾನೇ ತೆರೆಯುವ ರೂಢಿ ನಮ್ಮ ಹೆಂಗಸರದ್ದು. ಆಮೇಲೆ ಇಬ್ಬರು, ಆಮೇಲೆ ಎಲ್ಲರೂ. ಅವಳು ಸಪಾಟಾಗಿ ಕೊಟ್ಟದ್ದನ್ನು ಇವರು ರಾಗ ಮಾಡಿ ಮರಳಿಸಿದರು. ನಾನು ಅಷ್ಟು ದಿನ ಕೂತು ಗುಣಿಸುತ್ತಿದ್ದೆ. ಇದು ಬರೀ ಕೂಡುವ ಲೆಕ್ಕವಾಗಿತ್ತು, ಎರಡೂ ಕಡೆಯ ದನಿ ಕೇಳಿಸುತ್ತಿತ್ತು. ಗಂಡಿನ ಅಜ್ಜಿಯೂ ಹಿಂದೆ ಹೇಳಿದಳು. ಕೊನೆಯ ಸಾಲಿನವರೆಗೆ ಹಾಡು ನಡೆದು, ಆರತಿ ಎತ್ತಿದರು.

ಕಥೆಯಾಗಿದ್ದರೆ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಮದುವೆಯ ವಿಡಿಯೋ ಬಂತು.

ಅಣ್ಣನ ಮನೆಯಲ್ಲಿ ಎಲ್ಲರೂ ಕೂತು ಟಿವಿಯಲ್ಲಿ ನೋಡುತ್ತಿದ್ದೆವು. ಅಣ್ಣ, ಅತ್ತಿಗೆ, ಅಮ್ಮ, ನಾನು, ದೊಡ್ಡಮ್ಮ. ಆರತಿಯ ಭಾಗ ಬಂತು. ಪರದೆಯ ಮೇಲೆ ದೊಡ್ಡಮ್ಮ ಎದ್ದು ನಿಂತಳು, ಮಷಿನ್ ಗದ್ದಕ್ಕೆ ಹೋಯಿತು, ಬಾಯಿ ತೆರೆಯಿತು. ಕೇಳಿಸಿದ್ದು ಯಾವುದೋ ಸಿನಿಮಾ ಹಾಡು. ಕೊಳಲು, ಪಿಟೀಲು, ಒಬ್ಬ ಗಂಡಸಿನ ದನಿ. ಹೆಂಗಸರೆಲ್ಲ ಬಾಯಿ ತೆರೆದು ಮುಚ್ಚುತ್ತಿದ್ದರು, ಮೀನಿನ ಹಾಗೆ.

"ವಿಡಿಯೋದವ ಹಾಕಿದ್ದು" ಎಂದ ಅಣ್ಣ. "ಗಲಾಟೆ ಸದ್ದು ಜಾಸ್ತಿ ಇತ್ತಂತೆ."

ಸದ್ದು ತೆಗೆಯುವುದು ಸೇರಿಸುವುದು ನನ್ನ ಕಸುಬು, ನನಗೆ ಇದನ್ನು ಹೇಳುತ್ತಿದ್ದಾನೆ. ಅದೇ ವಿಡಿಯೋದಲ್ಲಿ ಜನರೇಟರಿನ ಗರ್ಜನೆ ಹಾಗೇ ಇತ್ತು. ಊಟದ ಪಂಕ್ತಿಯಲ್ಲಿ ಬಕೆಟ್ ಎಳೆದಾಡಿದ್ದು, ಯಾರದೋ ಫೋನು ಕಿರುಚಿದ್ದು, ಯಾರೋ ಕ್ಯಾಕರಿಸಿದ್ದು ಎಲ್ಲ ಇತ್ತು. ತೆಗೆದದ್ದು ಒಂದೇ ಒಂದು ದನಿ. "ನೀನೇ ಹೇಳಿದ್ದು ತೆಗೀಲಿಕ್ಕೆ" ಎಂದೆ. ಅಣ್ಣ ಚಾ ಲೋಟದ ಕಡೆ ನೋಡಿದ. "ಗಂಡಿನ ಮನೇಲಿ ನಾಲ್ಕು ಜನ ನೋಡ್ತ್ರು" ಎಂದ. ನಾನು ಎದ್ದು ನಿಂತೆ. ಆ ದಿನ ನಾನು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ, ಆದರೆ ಅದರಲ್ಲಿ ಒಂದನ್ನೂ ನಾನು ಹಿಂದಕ್ಕೆ ತೆಗೆದುಕೊಂಡಿಲ್ಲ.

ದೊಡ್ಡಮ್ಮ ನನ್ನ ಕಡೆ ನೋಡಲಿಲ್ಲ. ರಿಮೋಟ್ ಎತ್ತಿಕೊಂಡು ಸಿನಿಮಾ ಹಾಡು ಪೂರ್ತಿ ಅಡಗುವವರೆಗೆ ಒತ್ತಿದಳು. ಪರದೆಯ ಮೇಲೆ ಅವಳ ಬಾಯಿ ಇನ್ನೂ ಆಡುತ್ತಿತ್ತು. ಮಡಿಲಿನಿಂದ ಮಷಿನ್ ತೆಗೆದು ಗದ್ದಕ್ಕೆ ಒತ್ತಿಕೊಂಡು, ಮಗನ ಮುಖವನ್ನೇ ನೋಡುತ್ತ, ಮೊದಲ ಸಾಲು ಹೇಳಿದಳು. ಅಮ್ಮ ಬಾಯಿ ತೆರೆಯಹೋದಳು. ದೊಡ್ಡಮ್ಮ ಕೈಯೆತ್ತಿ ತಡೆದಳು. ನನ್ನನ್ನೂ ತಡೆದಳು.

ಅಣ್ಣ ಚಾ ಲೋಟ ತಿರುಗಿಸುತ್ತ ಕೂತ. ಅವಳು ಅದೇ ಸಾಲನ್ನು ಇನ್ನೊಮ್ಮೆ ಕೊಟ್ಟಳು. ಮತ್ತೆ ಕಾದಳು. ಚಾ ಆರಿತು. ಅಣ್ಣ ಹಿಂದೆ ಹೇಳುವವರೆಗೆ ಅವಳು ಎರಡನೇ ಸಾಲಿಗೆ ಹೋಗಲಿಲ್ಲ.